ಗೆಳೆಯರಿಗೆ ಯಾವ ಕನ್ನಡ ಹಾಸ್ಯ ಸಿನಿಮಾ ತೋರಿಸಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ಹಬ್ಬದ ರಜೆ ಬಂತೆಂದರೆ ನನಗೆ ಒಂದೇ ಪ್ರಶ್ನೆ ಐದಾರು ಕಡೆಯಿಂದ ಬರುತ್ತದೆ: "ಒಳ್ಳೆ ಕಾಮಿಡಿ ಸಿನಿಮಾ ಯಾವುದಾದ್ರೂ ಹೇಳು, ಎಲ್ಲರೂ ನೋಡಿರೋದು ಬೇಡ." ಅಕ್ಕನ ಮಗಳು ಕೇಳುತ್ತಾಳೆ, ಆಫೀಸಿನಲ್ಲಿ ಪಕ್ಕದ ಸೀಟಿನವರು ಕೇಳುತ್ತಾರೆ, ಹೊರದೇಶದಲ್ಲಿರುವ ಗೆಳೆಯ ಅಲ್ಲಿನ ಬೆಳಗಿನ ಹೊತ್ತಿಗೆ ಸರಿಯಾಗಿ ವಾಟ್ಸಾಪ್ ಮಾಡುತ್ತಾನೆ. ಪ್ರತಿ ಸಲವೂ ಹೊಸದಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಂದೆಡೆ ಇಟ್ಟಿದ್ದೇನೆ. ಇದು ಕನ್ನಡ ಸಿನಿಮಾಗಳ ಮಾತು ಮಾತ್ರ, ಅದೂ ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿ ನಕ್ಕಂಥವು, ಬಹಳ ಜನ ಕಡೆಗಣಿಸಿದರೂ ನಾನು 'ಕಲ್ಟ್' ಅಂತ ಕರೆಯುವಂಥವು.

'ಕಲ್ಟ್' ಅಂತೀರಲ್ಲ, ಹಾಗಂದರೆ ಏನು?

ಬಿಡುಗಡೆಯಾದ ವಾರ ಎಷ್ಟು ದುಡ್ಡು ಮಾಡಿತು ಎನ್ನುವುದು ನನಗೆ ಮುಖ್ಯವಲ್ಲ. ಇಪ್ಪತ್ತು ಮೂವತ್ತು ವರ್ಷ ಕಳೆದ ಮೇಲೂ ಯಾರದೋ ಮನೆಯ ಊಟದ ಹೊತ್ತಿನಲ್ಲಿ ಆ ಸಿನಿಮಾದ ಒಂದು ಮಾತು ತಾನಾಗಿ ಹೊರಬೀಳುತ್ತದಾ? ಅದನ್ನು ಕೇಳಿ ಅರ್ಧ ಜನ ಬಿದ್ದು ಬಿದ್ದು ನಕ್ಕು, ಉಳಿದರ್ಧ ಜನ "ಏನದು?" ಅಂತ ಮುಖ ನೋಡುತ್ತಾರಾ? ಹಾಗಿದ್ದರೆ ನನ್ನ ಲೆಕ್ಕದಲ್ಲಿ ಅದು ಕಲ್ಟ್. ಹೀಗೆ ಮುಖ ನೋಡುವವರಿಗಾಗಿಯೇ ಈ ಬರಹ.

ಎಲ್ಲಿಂದ ಶುರು ಮಾಡಲಿ?

'ಗಣೇಶನ ಮದುವೆ'ಯಿಂದ. 1990ರ ಸಿನಿಮಾ, ನಿರ್ದೇಶನ ಫಣಿ ರಾಮಚಂದ್ರ. ಅನಂತನಾಗ್ ಮತ್ತು ವಿನಯಾ ಪ್ರಸಾದ್ ಜೋಡಿ.

ಕಥೆ ನಡೆಯುವುದು ಒಂದು ವಠಾರದಲ್ಲಿ. ವಠಾರ ನೋಡದೆ ಬೆಳೆದ ಗೆಳೆಯರಿಗೆ ಇದನ್ನು ಮೊದಲೇ ಬಿಡಿಸಿ ಹೇಳಿ: ಒಂದೇ ಕಾಂಪೌಂಡಿನೊಳಗೆ ಸಾಲಾಗಿ ಪುಟ್ಟ ಪುಟ್ಟ ಮನೆಗಳು, ನಡುವೆ ಎಲ್ಲರಿಗೂ ಸೇರಿದ ಅಂಗಳ, ಎಲ್ಲರನ್ನೂ ಕಣ್ಣಿಟ್ಟು ನೋಡುವ ಮನೆ ಓನರ್. ಒಬ್ಬರ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು ಎನ್ನುವುದು ಪಕ್ಕದ ಮನೆಗೆ ಗೊತ್ತು. ಗುಟ್ಟು ಅನ್ನುವುದು ಅಲ್ಲಿ ಉಳಿಯುವುದಿಲ್ಲ. ಹಾಸ್ಯ ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ರಂಗಸ್ಥಳ ಸಿಗಲಾರದು, ಯಾಕೆಂದರೆ ಯಾರೂ ಎಲ್ಲಿಗೂ ತಪ್ಪಿಸಿಕೊಂಡು ಹೋಗುವಂತಿಲ್ಲ. ಬೆಳಿಗ್ಗೆ ಜಗಳ ಆಡಿದವರೇ ಸಂಜೆ ಒಂದೇ ನಲ್ಲಿಯ ಮುಂದೆ ಬಿಂದಿಗೆ ಹಿಡಿದು ನಿಲ್ಲಬೇಕು.

ವಠಾರದ ಓನರ್ ರಮಣಮೂರ್ತಿಯಾಗಿ ಮುಖ್ಯಮಂತ್ರಿ ಚಂದ್ರು. ಬಾಡಿಗೆದಾರ ವೈ. ಜಿ. ರಾವ್ ಆಗಿ ಅನಂತನಾಗ್. ಇಬ್ಬರಿಗೂ ಹಾವು ಮುಂಗುಸಿ. ಓನರ್ ಮಗಳು ಆದಿಲಕ್ಷ್ಮಿಯನ್ನು ಕಂಡರೆ ರಾವ್‌ಗೆ ಆಗದು, ಅವಳಿಗೆ ಇವನನ್ನು ಕಂಡರೆ ಆಗದು. ಆದರೆ ಶ್ರುತಿ ಎಂಬ ಹಾಡುಗಾರ್ತಿಯ ದನಿಗೆ ಮಾತ್ರ ರಾವ್ ಸೋತುಹೋಗಿದ್ದಾನೆ, ಅವಳಿಗೆ ಕಾಗದದ ಮೇಲೆ ಕಾಗದ ಬರೆಯುತ್ತಾನೆ. ಶ್ರುತಿ ಯಾರು ಎನ್ನುವುದು ನೋಡುವವರಿಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಇಷ್ಟೇ ಎಳೆ. ಅದನ್ನು ಎರಡೂವರೆ ಗಂಟೆ ಎಲ್ಲೂ ಹರಿಯದಂತೆ ಎಳೆದುಕೊಂಡು ಹೋದ ರೀತಿಗೆ ನನಗೆ ಇವತ್ತಿಗೂ ಬೆರಗು.

ಇದನ್ನು ಎಲ್ಲರೂ ನೋಡಿದ್ದಾರಲ್ಲ? ಕಡೆಗಣಿಸಿದ ಸಿನಿಮಾ ಹೇಗಾಯಿತು?

ನಲವತ್ತು ದಾಟಿದವರು ನೋಡಿದ್ದಾರೆ. ಇಪ್ಪತ್ತೈದರ ಹುಡುಗರನ್ನು ಕೇಳಿ ನೋಡಿ. ನಮ್ಮ ಆಫೀಸಿನಲ್ಲಿ ಬೆಂಗಳೂರಲ್ಲೇ ಹುಟ್ಟಿ ಬೆಳೆದ ಆರು ಜನರನ್ನು ಕೇಳಿದೆ, ಒಬ್ಬಳು ಮಾತ್ರ "ಅಜ್ಜಿ ಮನೇಲಿ ಟಿವೀಲಿ ಅರ್ಧ ನೋಡಿದೀನಿ" ಅಂದಳು. ಒಂದು ತಲೆಮಾರು ತಲೆಮೇಲೆ ಹೊತ್ತ ಸಿನಿಮಾ ಮುಂದಿನ ತಲೆಮಾರಿಗೆ ದಾಟದೆ ನಿಂತುಹೋಗುವುದು ನನಗೆ ನಿಜಕ್ಕೂ ನೋವಿನ ಸಂಗತಿ. ದಾಟಿಸುವವರು ನಾವೇ ಆಗಬೇಕು.

ತಮಾಷೆಯ ದೃಶ್ಯಗಳನ್ನು ರೀಲ್ಸ್‌ನಲ್ಲಿ ನೋಡಿದ್ದೇನೆ. ಇಡೀ ಸಿನಿಮಾ ನೋಡಬೇಕಾ?

ನೋಡಲೇಬೇಕು. ಈ ಬರಹದಲ್ಲಿ ಬೇರೆಲ್ಲ ಮರೆತರೂ ಇದೊಂದನ್ನು ನೆನಪಿಡಿ.

ನಮ್ಮಲ್ಲಿ ಎರಡು ಬಗೆಯ ಹಾಸ್ಯವಿದೆ. ಹೀರೋ ಫೈಟು, ಹಾಡು, ತಾಯಿ ಸೆಂಟಿಮೆಂಟು ಇವುಗಳ ನಡುವೆ ಹತ್ತು ನಿಮಿಷಕ್ಕೊಮ್ಮೆ ಬರುವ ಕಾಮಿಡಿ ಟ್ರ್ಯಾಕ್ ಒಂದು. ಅದನ್ನು ಕತ್ತರಿಸಿ ತೆಗೆದರೂ ನಷ್ಟವಿಲ್ಲ, ಅದು ಮೊದಲೇ ಬಿಡಿ ತುಂಡು. ಕಥೆಯೇ ಹಾಸ್ಯವಾಗಿರುವ ಸಿನಿಮಾ ಇನ್ನೊಂದು. ಅಲ್ಲಿ ಮೊದಲ ಅರ್ಧ ಗಂಟೆಯಲ್ಲಿ ಹೇಳಿದ ಒಂದು ಸಣ್ಣ ಸುಳ್ಳು ಒಂದೂವರೆ ಗಂಟೆ ಕಳೆದು ಬೇರೊಬ್ಬನ ಬಾಗಿಲು ತಟ್ಟುತ್ತದೆ. ಆ ಬಾಗಿಲು ತಟ್ಟುವ ನಲವತ್ತು ಸೆಕೆಂಡನ್ನು ಮಾತ್ರ ನೋಡಿದರೆ ತುಟಿ ಅಲುಗೀತು, ಅಷ್ಟೆ. ಸುಳ್ಳು ಬೆಳೆದದ್ದನ್ನು ನೋಡಿದವರಿಗೆ ಹೊಟ್ಟೆ ಹುಣ್ಣಾಗುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ 'ಗೌರಿ ಗಣೇಶ', 1991. ಮತ್ತೆ ಫಣಿ ರಾಮಚಂದ್ರ, ಅನಂತನಾಗ್, ವಿನಯಾ ಪ್ರಸಾದ್. ಲಂಬೋದರ ಎಂಬ ಕೈಯಲ್ಲಿ ಕಾಸಿಲ್ಲದ ಮನುಷ್ಯನಿಗೆ ತೀರಿಹೋದ ಗೌರಿ ಎಂಬುವಳ ಡೈರಿ ಸಿಗುತ್ತದೆ. ಅದರಲ್ಲಿ ಮೂವರು ಗಂಡಸರ ಹೆಸರು. ಮೂವರೂ ಈಗ ಮರ್ಯಾದಸ್ಥ ಸಂಸಾರಿಗಳು. ಲಂಬೋದರ ಒಬ್ಬೊಬ್ಬರ ಬಳಿಗೂ ಹೋಗಿ "ಗೌರಿಗೆ ನಿಮ್ಮಿಂದ ಒಂದು ಮಗು ಇದೆ" ಅನ್ನುತ್ತಾನೆ. ಮಗುವಿನ ಖರ್ಚಿಗೆಂದು ಮೂರೂ ಕಡೆಯಿಂದ ದುಡ್ಡು ಬರತೊಡಗುತ್ತದೆ. ಆಮೇಲೆ ಮಗುವನ್ನು ತೋರಿಸಲೇಬೇಕಾದ ದಿನ ಬರುತ್ತದೆ. ಅಲ್ಲಿ ಮಾಸ್ಟರ್ ಆನಂದ್ ಪ್ರವೇಶ. ಆ ಪುಟ್ಟ ಹುಡುಗ ಅನಂತನಾಗ್ ಎದುರು ನಿಂತು ಒಂದು ಅಕ್ಷರ ಆಚೀಚೆಯಾಗದೆ ಮಾತಿಗೆ ಮಾತು ಕೊಡುವುದನ್ನು ಕಣ್ಣಾರೆ ನೋಡಬೇಕು.

ರೀಲ್ಸ್‌ನಲ್ಲಿ ನಿಮಗೆ ಸಿಗುವುದು ಹುಡುಗನ ತರಲೆ ಮಾತು. ಸಿಗದೆ ಹೋಗುವುದು ಹಣಕ್ಕಾಗಿ ಶುರುವಾದ ಈ ಆಟ ನಿಧಾನವಾಗಿ ಮನಸ್ಸಿನ ವಿಷಯವಾಗುವ ಬಗೆ. ನಾನು ಮೊದಲ ಸಲ ನೋಡಿದಾಗ ಕೊನೆಯ ಇಪ್ಪತ್ತು ನಿಮಿಷ ನಮ್ಮಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅರ್ಧ ಗಂಟೆ ಮೊದಲು ಅದೇ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದರು.

ನನ್ನ ಗೆಳೆಯರಿಗೆ ಕನ್ನಡವೇ ಬರುವುದಿಲ್ಲ. ಏನು ತೋರಿಸಲಿ?

'ಪುಷ್ಪಕ ವಿಮಾನ'. 1987. ಮಾತೇ ಇಲ್ಲದ ಸಿನಿಮಾ. ಭಾಷೆಯ ಗೊಡವೆಯೇ ಇಲ್ಲ.

ಸಿಂಗೀತಂ ಶ್ರೀನಿವಾಸ ರಾವ್ ನಿರ್ದೇಶನ, ನಿರ್ಮಾಣದಲ್ಲಿ ನಮ್ಮ ಶೃಂಗಾರ್ ನಾಗರಾಜ್, ಸಂಗೀತ ಎಲ್. ವೈದ್ಯನಾಥನ್. ಚಿತ್ರೀಕರಣ ನಡೆದದ್ದು ಬೆಂಗಳೂರಿನಲ್ಲಿ, ಕಥೆಯ ಐಷಾರಾಮಿ ಹೋಟೆಲ್ ವಿಂಡ್ಸರ್ ಮ್ಯಾನರ್. ಕೆಲಸವಿಲ್ಲದ ಹುಡುಗನಾಗಿ ಕಮಲ್ ಹಾಸನ್. ಕುಡಿದು ರಸ್ತೆಯಲ್ಲಿ ಬಿದ್ದ ಒಬ್ಬ ಶ್ರೀಮಂತನ ರೂಮಿನ ಕೀಲಿ ಅವನ ಕೈಗೆ ಸಿಗುತ್ತದೆ. ಆ ಶ್ರೀಮಂತನನ್ನು ತನ್ನ ಗೂಡಿನಂಥ ಕೋಣೆಯಲ್ಲಿ ಕಟ್ಟಿಹಾಕಿ, ಅವನ ಜಾಗದಲ್ಲಿ ತಾನು ಮೆರೆಯುತ್ತಾನೆ.

ಎರಡು ಜಾಗ ಹೇಳುತ್ತೇನೆ, ಅಲ್ಲಿ ಗೆಳೆಯರ ಮುಖ ಗಮನಿಸಿ. ಒಂದು, ಹೋಟೆಲಿನ ಮೆತ್ತನೆ ಹಾಸಿಗೆಯಲ್ಲಿ ಅವನಿಗೆ ನಿದ್ದೆಯೇ ಹತ್ತದಿರುವುದು. ಗದ್ದಲದಲ್ಲಿ ಮಲಗಿ ರೂಢಿಯಾದ ಕಿವಿಗೆ ನಿಶ್ಶಬ್ದವೇ ಕಾಟ. ಹಳೆಯ ಕೋಣೆಯ ಗದ್ದಲವನ್ನು ಟೇಪಿನಲ್ಲಿ ಹಿಡಿದು ತಂದು, ಅದನ್ನು ಹಾಕಿಕೊಂಡು ಮಲಗುತ್ತಾನೆ. ಇನ್ನೊಂದು, ಟೀನು ಆನಂದ್ ಮಾಡಿದ ಕೊಲೆಗಾರ ಮಂಜುಗಡ್ಡೆಯ ಚೂರಿ ಹಿಡಿದು ಓಡಾಡುವುದು. ಚುಚ್ಚಿದ ಮೇಲೆ ಕರಗಿ ಸಾಕ್ಷಿಯೇ ಉಳಿಯಬಾರದು ಎಂಬುದು ಅವನ ಉಪಾಯ. ಬೆಂಗಳೂರಿನ ಸೆಕೆಗೆ ಅದು ಚುಚ್ಚುವ ಮೊದಲೇ ಕರಗುತ್ತದೆ. ರಸ್ತೆಬದಿಯ ಭಿಕ್ಷುಕ ತನ್ನಲ್ಲಿರುವ ದುಡ್ಡನ್ನು ಕಮಲ್‌ಗೆ ತೋರಿಸುವ ಜಾಗವೂ ಇದೆ, ಅದನ್ನು ನೀವೇ ನೋಡಿ.

ಈ ಚಿತ್ರಕ್ಕೆ ಜನಪ್ರಿಯ ಮನರಂಜನೆಯ ವಿಭಾಗದಲ್ಲಿ ರಾಷ್ಟ್ರ ಪ್ರಶಸ್ತಿ ಬಂದಿದೆ. ಆದರೂ ಕನ್ನಡಿಗರ ಪಟ್ಟಿಗಳಲ್ಲಿ ಇದರ ಹೆಸರು ಬಿಟ್ಟುಹೋಗುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಮಾತಿಲ್ಲದ್ದರಿಂದ ಇದು ಎಲ್ಲರದೂ ಆಯಿತು, ನಮ್ಮದು ಅಂತ ಎದೆ ತಟ್ಟಿ ಹೇಳುವವರು ಕಡಿಮೆಯಾದರು. ಬೆಂಗಳೂರಿನಲ್ಲಿ ಹುಟ್ಟಿದ ಸಿನಿಮಾ ಇದು, ಧೈರ್ಯವಾಗಿ ಹೇಳಿಕೊಳ್ಳಿ.

ಹಳ್ಳಿಯ ಕಥೆ ಬೇಕು ಅಂದರೆ?

ಎರಡು ಇವೆ.

ಹಳೆಯದು 'ಉಂಡೂ ಹೋದ ಕೊಂಡೂ ಹೋದ', 1992, ನಾಗತಿಹಳ್ಳಿ ಚಂದ್ರಶೇಖರ್ ನಿರ್ದೇಶಿಸಿದ ಮೊದಲ ಸಿನಿಮಾ. ಹೊರಗಿನಿಂದ ಬಂದ ಠಕ್ಕನೊಬ್ಬ ಊರಿಗೆ ಊರನ್ನೇ ನಂಬಿಸುವ ಕಥೆ. ಠಕ್ಕನಾಗಿ ಮತ್ತೆ ಅನಂತನಾಗ್. ಹೆಸರಿನಲ್ಲೇ ಕಥೆಯ ಅಂತ್ಯವಿದ್ದರೂ ಕುತೂಹಲ ಕುಂದುವುದಿಲ್ಲ. ಮೋಸ ಮಾಡುವವನಿಗಿಂತ ಮೋಸಹೋಗುವವರ ಆಸೆಗಳೇ ಇಲ್ಲಿ ಹೆಚ್ಚು ನಗಿಸುತ್ತವೆ.

ಹೊಸದು 'ತಿಥಿ'. ರಾಮ್ ರೆಡ್ಡಿ ನಿರ್ದೇಶನ, ಈರೇಗೌಡರ ಜೊತೆ ಸೇರಿ ಬರೆದದ್ದು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದು, 2016ರಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂತು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಮತ್ತು ಸುತ್ತಲಿನ ಊರುಗಳ ಜನರೇ ನಟರು, ಅವರಲ್ಲಿ ಯಾರೂ ಮೊದಲು ಕ್ಯಾಮೆರಾ ಮುಂದೆ ನಿಂತವರಲ್ಲ. 'ಪ್ರಶಸ್ತಿ ಸಿನಿಮಾ' ಅಂದ ಕೂಡಲೇ ಜನ ಹಿಂದೆ ಸರಿಯುತ್ತಾರೆ, ಅದೇ ಇದಕ್ಕೆ ಆದ ಅನ್ಯಾಯ. ಹೇಳುವಾಗ ಪ್ರಶಸ್ತಿಯ ಸುದ್ದಿ ಎತ್ತಲೇಬೇಡಿ. ಹೀಗೆ ಹೇಳಿ: ದಾರಿಯಲ್ಲಿ ಹೋಗಿ ಬರುವವರನ್ನೆಲ್ಲ ಬೈಯುತ್ತ ಕೂತ ನೂರೊಂದು ವರ್ಷದ ಸೆಂಚುರಿ ಗೌಡ ಸಿನಿಮಾ ಶುರುವಾದ ಸ್ವಲ್ಪ ಹೊತ್ತಿಗೇ ಸಾಯುತ್ತಾನೆ. ಹನ್ನೊಂದನೇ ದಿನದ ತಿಥಿಯೊಳಗೆ ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರಬೇಕು. ಜಮೀನು ತಮ್ಮಣ್ಣನ ಅಪ್ಪ ಗಡ್ಡಪ್ಪನ ಪಾಲಿಗೆ ಬರಬೇಕಾದದ್ದು. ಗಡ್ಡಪ್ಪನಿಗೆ ಜಮೀನೂ ಬೇಡ, ದುಡ್ಡೂ ಬೇಡ, ಜೇಬಿನಲ್ಲಿ ಒಂದು ಕ್ವಾರ್ಟರ್ ಇಟ್ಟುಕೊಂಡು ಹೊಲದ ಬದುವಿನಲ್ಲಿ ನಡೆಯುತ್ತಿದ್ದರೆ ಸಾಕು. ಹಾಗಾಗಿ ಮಗ ಬದುಕಿರುವ ಅಪ್ಪನನ್ನು ಕಾಗದದ ಮೇಲೆ ಸಾಯಿಸಲು ಹೊರಡುತ್ತಾನೆ.

ಪಹಣಿ, ಖಾತೆ, ಪೌತಿ ಅಂತ ತಾಲ್ಲೂಕು ಕಚೇರಿ ಅಲೆದವರಿಗೆ ಇದರಲ್ಲಿನ ನಗುವಿನ ಬೆಲೆ ಗೊತ್ತು. ಗಡ್ಡಪ್ಪ ಮಾಡಿದ ಚನ್ನೇಗೌಡರು ಮತ್ತು ಸೆಂಚುರಿ ಗೌಡ ಮಾಡಿದ ಸಿಂಗ್ರಿಗೌಡರು ಆಮೇಲೆ ಊರೂರಿಗೆ ಪರಿಚಿತರಾದರು. ಆದರೆ 'ತಿಥಿ'ಯನ್ನು ಪೂರ್ತಿ ನೋಡಿದವರಿಗಿಂತ ಗಡ್ಡಪ್ಪನ ಮೀಮ್ ನೋಡಿದವರೇ ಹೆಚ್ಚು. ಮತ್ತೆ ಅದೇ ತುಣುಕಿನ ಕಥೆ.

ಈ ಸಿನಿಮಾಗಳಲ್ಲಿ ಪೋಷಕ ನಟರು ಇಷ್ಟು ಚೆನ್ನಾಗಿರಲು ಕಾರಣವೇನು?

ಅವರ ಹೆಸರುಗಳನ್ನೇ ಒಮ್ಮೆ ಓದಿ: ಮುಖ್ಯಮಂತ್ರಿ ಚಂದ್ರು, ರಂಗಾಯಣ ರಘು, ಸಂಚಾರಿ ವಿಜಯ್, ತಬಲಾ ನಾಣಿ. ಚಂದ್ರು ಅವರಿಗೆ ಆ ಹೆಸರು ಬಂದದ್ದು 'ಮುಖ್ಯಮಂತ್ರಿ' ನಾಟಕದಿಂದ. ರಘು ಅವರದು ಬಿ. ವಿ. ಕಾರಂತರು ಮೈಸೂರಿನಲ್ಲಿ ಕಟ್ಟಿದ ರಂಗಾಯಣದಿಂದ. ವಿಜಯ್ ಅವರದು ಬೆಂಗಳೂರಿನ ಸಂಚಾರಿ ತಂಡದಿಂದ. ನಾಟಕದವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು: ಎದುರಿನವನ ಮಾತು ಮುಗಿದು ತನ್ನ ಮಾತು ಶುರುವಾಗುವ ನಡುವೆ ಎಷ್ಟು ಹೊತ್ತು ಸುಮ್ಮನಿರಬೇಕು ಎನ್ನುವುದು. ಜನ ನಗುವುದು ಆ ಸುಮ್ಮನಿರುವ ಹೊತ್ತಿನಲ್ಲಿ.

1997ರ 'ಉಲ್ಟಾ ಪಲ್ಟಾ' ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಎನ್. ಎಸ್. ಶಂಕರ್ ನಿರ್ದೇಶನ. ಶೇಕ್ಸ್‌ಪಿಯರ್‌ನ ಎರಡು ಜೋಡಿ ಅವಳಿಗಳ ನಾಟಕವನ್ನು ನಮ್ಮ ನೆಲಕ್ಕೆ ತಂದದ್ದು. ರಮೇಶ್ ಅರವಿಂದ್ ಇಬ್ಬರು, ಕರಿಬಸವಯ್ಯ ಇಬ್ಬರು. ಕರಿಬಸವಯ್ಯನವರು ಒಂದೇ ಮುಖದಲ್ಲಿ ಇಬ್ಬರು ಬೇರೆ ಬೇರೆ ಮನುಷ್ಯರನ್ನು ತಂದು ನಿಲ್ಲಿಸಿದ್ದಾರೆ. ಇಂಥ ನಟ ಬದುಕಿದ್ದಾಗ ನಾವು ಅವರನ್ನು ಇನ್ನೂ ಹೆಚ್ಚು ಕೊಂಡಾಡಬೇಕಿತ್ತು.

ಕಾಶೀನಾಥ್ ಸಿನಿಮಾಗಳನ್ನು ಮನೆಯವರ ಜೊತೆ ನೋಡಬಹುದಾ?

ಕೆಲವನ್ನು ನೋಡಬಹುದು. ವರದಕ್ಷಿಣೆಯ ವಿಷಯವಿರುವ 'ಅವಳೇ ನನ್ನ ಹೆಂಡ್ತಿ'ಯನ್ನು (1988) ಧಾರಾಳವಾಗಿ ನೋಡಿ. 'ಅನುಭವ' (1984), 'ಅನಂತನ ಅವಾಂತರ' (1989) ಗೆಳೆಯರ ಕೂಟಕ್ಕೆ ಇರಲಿ. ದ್ವಂದ್ವಾರ್ಥದ ಮಾತಿನಿಂದಾಗಿ ಕಾಶೀನಾಥ್ ಅವರನ್ನು ಬಹಳ ಜನ ಪಕ್ಕಕ್ಕಿಟ್ಟರು. ಆದರೆ ಹೀರೋ ಅಂದರೆ ಎತ್ತರ, ಮೀಸೆ, ಫೈಟು ಎನ್ನುತ್ತಿದ್ದ ಕಾಲದಲ್ಲಿ ದಪ್ಪ ಕನ್ನಡಕ ಹಾಕಿಕೊಂಡ ಪೆಚ್ಚು ಮುಖದ ಸಾಮಾನ್ಯನನ್ನು ನಾಯಕನ ಜಾಗದಲ್ಲಿ ನಿಲ್ಲಿಸಿ ಗೆದ್ದವರು ಅವರು. ಉಪೇಂದ್ರ, ವಿ. ಮನೋಹರ್ ಮುಂತಾದವರು ಅವರ ಗರಡಿಯಲ್ಲಿ ಪಳಗಿದವರು. 2018ರ ಜನವರಿಯಲ್ಲಿ ಅವರು ತೀರಿಕೊಂಡಾಗ ಬಂದ ಮೆಚ್ಚುಗೆಯ ಮಾತುಗಳಲ್ಲಿ ಅರ್ಧದಷ್ಟಾದರೂ ಮೊದಲೇ ಬರಬೇಕಿತ್ತು.

ಜಗ್ಗೇಶ್ ಅಭಿಮಾನಿ ಅಲ್ಲದವರಿಗೆ ಜಗ್ಗೇಶ್ ಸಿನಿಮಾ?

'ಮಠ' (2006) ಮತ್ತು 'ಎದ್ದೇಳು ಮಂಜುನಾಥ' (2009). ಎರಡೂ ಗುರುಪ್ರಸಾದ್ ಅವರವು. ಮಾತೇ ಇವುಗಳ ಜೀವಾಳ, ಅದರಲ್ಲೂ ಎರಡನೆಯದರಲ್ಲಿ ಸೋಮಾರಿ ಮಂಜನಿಗೂ ತಬಲಾ ನಾಣಿ ಮಾಡಿದ ಕುರುಡನಿಗೂ ನಡೆಯುವ ಮಾತು. ಕನ್ನಡ ಚೆನ್ನಾಗಿ ಬರುವವರಿಗೆ ಮಾತ್ರ ಕೊಡಿ. ಅನುವಾದದಲ್ಲಿ ಮುಕ್ಕಾಲು ಪಾಲು ಸೋರಿಹೋಗುತ್ತದೆ.

ಇತ್ತೀಚಿನವು?

ಮೂರು ಹೇಳುತ್ತೇನೆ.

'ಒಂದು ಮೊಟ್ಟೆಯ ಕಥೆ', 2017. ರಾಜ್ ಬಿ. ಶೆಟ್ಟಿ ನಿರ್ದೇಶಿಸಿ ನಟಿಸಿದ ಮೊದಲ ಸಿನಿಮಾ. ತಲೆಗೂದಲು ಉದುರಿದ ಕನ್ನಡ ಮೇಷ್ಟ್ರು ಜನಾರ್ದನ, ಮಂಗಳೂರು, ಹೆಣ್ಣು ಹುಡುಕಾಟ, ಕಷ್ಟಕ್ಕೆಲ್ಲ ಡಾ. ರಾಜ್‌ಕುಮಾರ್ ಮೊರೆ. ಬೋಳುತಲೆಯನ್ನು ಗೇಲಿ ಮಾಡುವ ಸಿನಿಮಾ ಅಂದುಕೊಂಡು ಕೂತವರು ಕೊನೆಗೆ ತಮ್ಮ ಗೇಲಿಯನ್ನೇ ನೋಡಿಕೊಳ್ಳುತ್ತಾರೆ. ಮಲಯಾಳಂನವರು ಇದನ್ನು 2019ರಲ್ಲಿ 'ತಮಾಶಾ' ಎಂದು ಮತ್ತೆ ಮಾಡಿದರು. ಅದನ್ನು ನೋಡಿ, ಮೂಲ ನೋಡದ ಕನ್ನಡಿಗರು ನನಗೆ ಸಿಕ್ಕಿದ್ದಾರೆ!

'ಪುಕ್ಸಟ್ಟೆ ಲೈಫು', 2021. ಅರವಿಂದ್ ಕುಪ್ಳೀಕರ್ ನಿರ್ದೇಶನ. ಸಂಚಾರಿ ವಿಜಯ್ ಇಲ್ಲಿ ಬೀಗದ ಕೀ ಮಾಡುವ ಶಹಜಹಾನ್. ಎಂಥ ಬೀಗವನ್ನಾದರೂ ತೆರೆಯುವ ಅವನ ಕೈಚಳಕ ಪೊಲೀಸರ ಕಣ್ಣಿಗೆ ಬೀಳುತ್ತದೆ, ಕಳ್ಳತನಕ್ಕೆ ಕಳಿಸುವವರು ಅವರೇ. ಆ ಪೊಲೀಸರಾಗಿ ಅಚ್ಯುತ್ ಕುಮಾರ್, ರಂಗಾಯಣ ರಘು. ಬಿಡುಗಡೆಗೆ ಮೂರು ತಿಂಗಳು ಮೊದಲು, ಆ ವರ್ಷದ ಜೂನ್‌ನಲ್ಲಿ, ವಿಜಯ್ ಅಪಘಾತದಲ್ಲಿ ತೀರಿಕೊಂಡರು. ಕೋವಿಡ್ ಕಾಲ ಬೇರೆ. ಚಿತ್ರಮಂದಿರದಲ್ಲಿ ನಾನು ನೋಡಿದಾಗ ಇದ್ದದ್ದು ಹದಿನೈದೇ ಜನ. ಅಷ್ಟೂ ಜನ ನಕ್ಕೆವು. ಕೊನೆಯಲ್ಲಿ ಯಾರೂ ಬೇಗ ಏಳಲಿಲ್ಲ. ಈ ಬರಹದಿಂದ ಒಂದೇ ಸಿನಿಮಾ ಹತ್ತು ಜನರಿಗೆ ತಲುಪುವುದಿದ್ದರೆ ಅದು ಇದಾಗಲಿ ಎಂದು ನನ್ನ ಆಸೆ.

'ಡೇರ್‌ಡೆವಿಲ್ ಮುಸ್ತಾಫಾ', 2023. ಪೂರ್ಣಚಂದ್ರ ತೇಜಸ್ವಿಯವರ ಕಥೆ, ಶಶಾಂಕ್ ಸೋಗಾಲ್ ನಿರ್ದೇಶನ, ದುಡ್ಡು ಹಾಕಿದವರು ತೇಜಸ್ವಿ ಓದುಗರೇ. ಹದಿಹರೆಯದ ಮಕ್ಕಳಿರುವ ಮನೆಗೆ ಹೇಳಿ ಮಾಡಿಸಿದಂತಿದೆ.

ಹಳೆಯ ಸಿನಿಮಾಗಳಲ್ಲಿ ಇವತ್ತಿಗೆ ಸರಿಕಾಣದ ಜೋಕುಗಳಿಲ್ಲವೇ?

ಇವೆ. ಹೆಂಡತಿಯನ್ನು ಹೀಗಳೆಯುವುದು, ಮೈಬಣ್ಣ, ದಪ್ಪ, ಉಗ್ಗು ಇವನ್ನು ನಗೆಗೆ ಬಳಸುವುದು ಆ ಕಾಲದ ಬಹುತೇಕ ಸಿನಿಮಾಗಳಲ್ಲಿದೆ. ಮುಚ್ಚಿಟ್ಟು ತೋರಿಸಬೇಡಿ, ಗೆಳೆಯರಿಗೆ ಮೊದಲೇ ಹೇಳಿ. ಅಕ್ಕನ ಮಗಳು ಒಂದು ಕಡೆ ಸಿನಿಮಾ ನಿಲ್ಲಿಸಿ "ಇದು ಸರಿಯಿಲ್ಲ" ಅಂದಳು. ಅವಳು ಹೇಳಿದ್ದು ನಿಜ ಅಂದೆ. ಹತ್ತು ನಿಮಿಷ ಅದರ ಬಗ್ಗೆಯೇ ಮಾತಾಡಿ ಮತ್ತೆ ಮುಂದುವರಿಸಿದೆವು.

ಎಲ್ಲಿ ಸಿಗುತ್ತವೆ?

ಹಳೆಯವು ಹೆಚ್ಚಾಗಿ ಯೂಟ್ಯೂಬಿನಲ್ಲಿ, ಹೊಸವು ಒಟಿಟಿಯಲ್ಲಿ. ಯಾವುದು ಎಲ್ಲಿದೆ ಎನ್ನುವುದು ಬದಲಾಗುತ್ತಲೇ ಇರುತ್ತದೆ, ಆಯಾ ಹೊತ್ತಿಗೆ ಹುಡುಕಿಕೊಳ್ಳಿ. ಒಂದು ಎಚ್ಚರ: ಯೂಟ್ಯೂಬಿನ ಕೆಲವು ಪ್ರತಿಗಳಲ್ಲಿ ಅಲ್ಲಲ್ಲಿ ಕತ್ತರಿ ಬಿದ್ದಿರುತ್ತದೆ. ಎರಡು ಮೂರು ಪ್ರತಿ ಕಂಡರೆ ಉದ್ದವಾದದ್ದನ್ನು ಆರಿಸಿ. ಹಾಡು ಓಡಿಸಬೇಡಿ. 'ಗಣೇಶನ ಮದುವೆ'ಯ ಹಾಡುಗಳು ರಾಜನ್–ನಾಗೇಂದ್ರ ಅವರವು, ಕಥೆಯೇ ಒಂದು ದನಿಯನ್ನು ನಂಬಿ ನಿಂತಿರುವಾಗ ಹಾಡು ಬಿಟ್ಟರೆ ಏನು ಉಳಿದೀತು?

ಗೆಳೆಯರಿಗೆ ಹೇಗೆ ಹೇಳಲಿ? ಲಿಂಕ್ ಕಳಿಸಿದರೆ ಯಾರೂ ನೋಡುವುದಿಲ್ಲ.

ಲಿಂಕ್ ಕಳಿಸಬೇಡಿ, ಮನೆಗೆ ಕರೆಯಿರಿ. ಹಾಸ್ಯ ಸಿನಿಮಾವನ್ನು ಒಬ್ಬರೇ ಮೊಬೈಲಿನಲ್ಲಿ ನೋಡಿದಾಗ ಬರುವ ನಗುವಿಗೂ ನಾಲ್ಕು ಜನ ಕೂತಾಗ ಬರುವ ನಗುವಿಗೂ ಅಜಗಜಾಂತರ. ಪಕ್ಕದವರ ನಗು ಕೇಳಿಯೇ ನಮ್ಮ ನಗು ಬಿಡಿಸಿಕೊಳ್ಳುವುದು. "ಹೊಟ್ಟೆ ಹುಣ್ಣಾಗತ್ತೆ ನೋಡು" ಅಂತ ಮೊದಲೇ ಹೇಳಬೇಡಿ, ಹಾಗೆ ಹೇಳಿದರೆ ಮೊದಲ ಹತ್ತು ನಿಮಿಷ ಅವರು ನಗುವ ಬದಲು ಕಾಯುತ್ತಾರೆ. ಮುಂದೆ ಬರುವ ಮಾತನ್ನು ಬಾಯಲ್ಲಿ ಹೇಳಿಕೊಡಲೂ ಬೇಡಿ, ಇದು ನನಗೂ ಕಷ್ಟವೇ.

ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕೂರಿಸಿಕೊಳ್ಳಿ. ಕಳೆದ ದೀಪಾವಳಿಗೆ ನಮ್ಮಲ್ಲಿ 'ಗಣೇಶನ ಮದುವೆ' ಹಾಕಿದ್ದೆವು. ಮಕ್ಕಳು "ವಠಾರ ಅಂದ್ರೆ ನಿಜವಾಗ್ಲೂ ಹೀಗೇ ಇತ್ತಾ ತಾತ?" ಅಂದರು. ಅಪ್ಪ ಸಿನಿಮಾ ನಿಲ್ಲಿಸಲು ಹೇಳಿ, ತಾವು ಮದುವೆಯಾದ ಹೊಸತರಲ್ಲಿ ಇದ್ದ ವಠಾರದ ನಲ್ಲಿ ಎಲ್ಲಿತ್ತು, ಓನರ್ ಬೆಳಿಗ್ಗೆ ಎಷ್ಟು ಗಂಟೆಗೆ ನೀರು ನಿಲ್ಲಿಸುತ್ತಿದ್ದರು ಅಂತ ಶುರು ಮಾಡಿದರು. ಆ ರಾತ್ರಿ ಸಿನಿಮಾ ಮುಗಿದಾಗ ಒಂದೂವರೆ ಗಂಟೆ.